ಕುದ್ಸಿ ಖಾನುಮ್ ಕಟ್ಟಿದ ಷರತ್ತುಗಳು

ನಮ್ಮ ಓಣಿಯಲ್ಲಿ ಯಾರಾದರೂ ಮಾತಿನ ಭರದಲ್ಲಿ "ಷರತ್ತು ಕಟ್ತೀನಿ" ಎನ್ನುವ ಮೊದಲು ಕುದ್ಸಿ ಖಾನುಮ್ ಹತ್ತಿರದಲ್ಲಿ ಇದ್ದಾಳೆಯೇ ಎಂದು ಒಮ್ಮೆ ಸುತ್ತ ನೋಡಿಕೊಳ್ಳುತ್ತಿದ್ದರು. ಅವಳಿದ್ದರೆ ಆ ಮಾತು ಗಾಳಿಯಲ್ಲಿ ಹೋಗುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, "ಯಾವುದರ ಮೇಲೆ?" ಎಂದು ಕೇಳುತ್ತಿದ್ದಳು. ನಗದೆ ಕೇಳುತ್ತಿದ್ದಳು. ಆಮೇಲೆ ಆ ಮನುಷ್ಯ ಮಾತನ್ನು ವಾಪಸು ತೆಗೆದುಕೊಳ್ಳಬೇಕು, ಇಲ್ಲವೆ ಏನನ್ನಾದರೂ ಪಣಕ್ಕಿಡಬೇಕು.

ನಮ್ಮೂರು ಕಾಶಾನಿನ ಜನ ಈ ಪದವನ್ನು ಉಪ್ಪಿನ ಹಾಗೆ ಬಳಸುತ್ತಾರೆ. ನಾಳೆ ಮರುಭೂಮಿಯ ಗಾಳಿ ಏಳುತ್ತದೆ, ಷರತ್ತು. ಆ ಹುಡುಗಿ ಆ ಮನೆಗೆ ಸೊಸೆಯಾಗಿ ಹೋಗುವುದಿಲ್ಲ, ಷರತ್ತು. ಯಾರೂ ಏನನ್ನೂ ಇಟ್ಟಿರುವುದಿಲ್ಲ. ಮಾತಿಗೆ ಸ್ವಲ್ಪ ಭಾರ ಬರಲಿ ಎಂದು ಹೇಳುವುದು, ಅಷ್ಟೇ. ಒತ್ತೆ ಎಂಬ ಪದದ ಪಾಡೂ ಅದೇ. "ಗಡ್ಡ ಒತ್ತೆ ಇಟ್ಟು ಮಗನಿಗೆ ಕೆಲಸ ಕೊಡಿಸಿ ಬಂದೆ" ಎನ್ನುತ್ತಾರೆ, ಗಡ್ಡ ಮುಖದ ಮೇಲೇ ಇರುತ್ತದೆ. ಜೂಜು ಎಂಬ ಪದವೊಂದನ್ನು ಮಾತ್ರ ದನಿ ತಗ್ಗಿಸಿ ಆಡುತ್ತಾರೆ, ಏಕೆಂದರೆ ಅದು ಧರ್ಮ ಬೇಡವೆಂದದ್ದು. ನಾನು ಶಿಕ್ಷಕಿಯರ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭಾಷೆ ಕಲಿಸಿದವಳು. ಜೂಜಿಗೂ ಷರತ್ತಿಗೂ ಏನು ವ್ಯತ್ಯಾಸ ಎಂದು ನಿಘಂಟುಗಳು ಅರ್ಧ ಪುಟ ಬರೆಯುತ್ತವೆ. ಓದು ಬಾರದ ಕುದ್ಸಿ ಎರಡೇ ಮಾತಿನಲ್ಲಿ ಹೇಳಿದ್ದಳು:

"ಸೋತವನ ಮನೇಲಿ ಅವತ್ತು ಒಲೆ ಉರೀಲಿಲ್ಲ ಅಂದ್ರೆ ಅದು ಜೂಜು, ಖಾನುಮ್. ಸೋತವನೂ ಪಕ್ಕದಲ್ಲೇ ಕೂತು ಊಟ ಮಾಡಿದ ಅಂದ್ರೆ ಅದು ಷರತ್ತು."

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಈವರೆಗೆ ಸಿಕ್ಕಿಲ್ಲ.

ಓದಿದವಳೆಂಬ ಕಾರಣಕ್ಕೆ ಓಣಿಯವರು ನನ್ನನ್ನು ಹೆಸರು ಬಿಟ್ಟು ಬರೇ ಖಾನುಮ್, ಅಂದರೆ ಅಮ್ಮಾವರು, ಎನ್ನುತ್ತಿದ್ದರು. ಕುದ್ಸಿಯ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅವಳ ಷರತ್ತುಗಳಿಗೆಲ್ಲ ಸಾಕ್ಷಿ ನಾನೇ. ನನ್ನನ್ನೇ ಏಕೆ ಕರೆಯುತ್ತೀ ಎಂದು ಒಮ್ಮೆ ಕೇಳಿದ್ದಕ್ಕೆ, ನೀವು ಯಾರ ಪರವಾಗಿಯೂ ನಗುವುದಿಲ್ಲ ಎಂದಳು. ಅದು ಹೊಗಳಿಕೆಯೋ ಅಲ್ಲವೋ ನಾನು ವಿಚಾರಿಸಲಿಲ್ಲ.

ಓಣಿಯ ಮೂಲೆಯಲ್ಲಿ ಸಫರ್ ಎಂಬವನ ಹಣ್ಣಿನಂಗಡಿ. ಅವನ ಮೀಸೆ ಊರಿಗೆಲ್ಲ ಗೊತ್ತು. ಒಂದು ಬೇಸಿಗೆ ಕರಬೂಜದ ಹಣ್ಣು ಸಿಹಿಯಾಗಿದೆಯೇ ಎಂದು ಕುದ್ಸಿ ಕೇಳಿದಾಗ ಅವನು ಎಲ್ಲರಿಗೂ ಹೇಳುವಂತೆ, "ಮೀಸೆ ಒತ್ತೆ ಇಡ್ತೀನಿ, ತಾಯಿ" ಎಂದ. ಮನೆಗೆ ತಂದು ಕೊಯ್ದರೆ ಸೌತೆಕಾಯಿಯ ರುಚಿ. ಅವಳು ನನ್ನನ್ನು ಕರೆದುಕೊಂಡು, ಕೊಯ್ದ ಹಣ್ಣಿನ ಹೋಳನ್ನೂ ಉಣ್ಣೆ ಕತ್ತರಿಸುವ ಕತ್ತರಿಯನ್ನೂ ಹಿಡಿದು ಅಂಗಡಿಗೆ ಹೋದಳು. ಹೋಳನ್ನು ಅವನಿಗೇ ತಿನ್ನಿಸಿದಳು. ಬೇರೆ ಹಣ್ಣು ಕೊಡುತ್ತೇನೆ, ಎರಡು ಕೊಡುತ್ತೇನೆ ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಹಣ್ಣು ಕೊಡುತ್ತೇನೆಂದು ನೀನು ಹೇಳಿರಲಿಲ್ಲ, ಮೀಸೆ ಎಂದಿದ್ದೆ ಎಂದಳು. ಕೊನೆಗೆ ಸಫರ್ ಕಣ್ಣು ಮುಚ್ಚಿ ಮುಖ ಮುಂದೆ ಚಾಚಿದ. ಅವಳು ಎಡಮೀಸೆಯಿಂದ ಒಂದೇ ಒಂದು ಕೂದಲು ಕತ್ತರಿಸಿ, ಸಕ್ಕರೆ ಕಟ್ಟುವ ಕಾಗದದಲ್ಲಿ ಮಡಿಸಿಟ್ಟುಕೊಂಡು ಮನೆಗೆ ಬಂದಳು. ಆಮೇಲೆ ಸಫರ್ ಹಣ್ಣನ್ನು ಮೂಸಿ ನೋಡಿಯೇ ಕೊಡುತ್ತಿದ್ದ, ಒತ್ತೆಯ ಮಾತನ್ನು ಎತ್ತುತ್ತಿರಲಿಲ್ಲ.

ಅವಳದು ಜಗಳಗಂಟಿಯ ಸ್ವಭಾವವಲ್ಲ. ರತ್ನಗಂಬಳಿ ನೇಯುವವಳು ಅವಳು. ಏಳನೆಯ ವಯಸ್ಸಿನಿಂದ ಮಗ್ಗದ ಮುಂದೆ ಕೂತು ಒಂದೊಂದೇ ಗಂಟು ಕಟ್ಟಿದವಳು. "ಗಂಟೂ ಕಟ್ಟೋದೇ, ಷರತ್ತೂ ಕಟ್ಟೋದೇ. ಸಡಿಲ ಕಟ್ಟಿದ್ರೆ ಎರಡೂ ಉಳಿಯಲ್ಲ" ಎನ್ನುತ್ತಿದ್ದಳು. ಹದಿನೇಳಕ್ಕೆ ತಾಮ್ರದ ಕೆಲಸದ ಯದುಲ್ಲಾನನ್ನು ಮದುವೆಯಾಗಿ ಈ ಓಣಿಗೆ ಬಂದಳು. ಪೇಟೆಯಲ್ಲಿ ನಲವತ್ತು ವರ್ಷ ತಾಮ್ರ ಬಡಿದು ಬಡಿದು ಯದುಲ್ಲಾನ ಕಿವಿ ಹೋಗಿತ್ತು. ಎದುರು ಕೂತವರು ಏನು ಹೇಳಿದರೆಂದು ಹೆಂಡತಿ ಕೈಸನ್ನೆ ಮಾಡಿ ತಿಳಿಸಬೇಕು. ಅವನ ತಮ್ಮನ ಹೆಂಡತಿ ಮೊನೀರ್ ಅದೇ ಅಂಗಳದ ಎದುರು ಕೋಣೆಗಳಲ್ಲಿ ಇದ್ದಳು. ಓರಗಿತ್ತಿಯರಿಬ್ಬರೂ ಇಪ್ಪತ್ತಾರು ವರ್ಷ ಒಂದೇ ಮಗ್ಗದ ಒಂದೇ ಹಲಗೆಯ ಮೇಲೆ ಪಕ್ಕಪಕ್ಕ ಕೂತು ನೇಯ್ದವರು. ಕುದ್ಸಿ ನನ್ನ ಹಾಗೆ ಉದ್ದ, ಒಣಕಲು. ಮೊನೀರ್ ಗಿಡ್ಡ, ದುಂಡಗೆ, ಬೇಗ ಅಳುವವಳು, ಬೇಗ ನಗುವವಳು.

ಷರತ್ತುಗಳಲ್ಲೆಲ್ಲ ಕುದ್ಸಿಗೆ ಪ್ರಿಯವಾದದ್ದು ಕವಲೆಲುಬಿನದು. ಕೋಳಿ ಬೇಯಿಸಿದ ದಿನ ಅದರ ಎದೆಯ ಕವಲು ಎಲುಬನ್ನು ಇಬ್ಬರು ಒಂದೊಂದು ತುದಿಯಲ್ಲಿ ಹಿಡಿದು ಮುರಿಯುತ್ತಾರೆ. ಮುರಿದ ಕ್ಷಣದಿಂದ ಒಬ್ಬರ ಕೈಯಿಂದ ಇನ್ನೊಬ್ಬರು ಏನನ್ನು ತೆಗೆದುಕೊಂಡರೂ "ನೆನಪಿದೆ" ಎನ್ನಬೇಕು. ಮರೆತು ಸುಮ್ಮನೆ ತೆಗೆದುಕೊಂಡರೆ ಕೊಟ್ಟವರು "ನನಗೆ ನೆನಪು, ನಿನಗೆ ಮರೆವು" ಎನ್ನುತ್ತಾರೆ. ಅಲ್ಲಿಗೆ ಸೋಲು. ಆದರೆ ವಸ್ತು ಕೈಯಲ್ಲಿರುವಾಗಲೇ ಅನ್ನಬೇಕು. ಪಡೆದವರು ಅದನ್ನು ಕೆಳಗಿಟ್ಟ ಮೇಲೆ ಅಂದರೆ ನಡೆಯುವುದಿಲ್ಲ. ಆಟ ಒಂದು ಗಂಟೆಯಲ್ಲಿ ಮುಗಿಯಬಹುದು, ಒಂದು ವರ್ಷ ನಡೆಯಬಹುದು. ಮಕ್ಕಳೂ ಆಡುತ್ತಾರೆ, ಮುಲ್ಲಾಗಳ ಮನೆಯಲ್ಲೂ ಆಡುತ್ತಾರೆ.

ಕುದ್ಸಿ ಒಮ್ಮೆಯೂ ಸೋತಿರಲಿಲ್ಲ. ಮದುವೆಯಾದ ವಾರದಲ್ಲೇ ಗಂಡನನ್ನು ಸೋಲಿಸಿ ಅವನ ಕೈಯಿಂದಲೇ ಹೂಬಳ್ಳಿ ಕೊರೆದ ತಟ್ಟೆ ಮಾಡಿಸಿಕೊಂಡಳು. ಅತ್ತೆಯನ್ನು ಸೋಲಿಸಿ ಕಿಟಕಿ ಇರುವ ಕೋಣೆಗೆ ಮಗ್ಗ ಸಾಗಿಸಿದಳು. ಮೊನೀರ್ ಹನ್ನೊಂದು ಸಲ ಸೋತಿದ್ದಳು. ನಾನು ನಾಲ್ಕನೆಯ ದಿನ ಸೋತೆ: ಮನೆಗೆ ಹೊರಟು ನಿಂತಾಗ ಬಾಗಿಲ ಬಳಿ, ಹೊರಗೆ ಹೋಗುವಾಗ ತಲೆಗೆ ಹೊದೆಯುವ ನನ್ನ ಚಾದರವನ್ನು ನನಗೇ ಎತ್ತಿ ಕೊಟ್ಟಳು. ನಾನು ಥ್ಯಾಂಕ್ಸ್ ಹೇಳಿದೆ, ಹೇಳಬೇಕಾದ್ದನ್ನು ಹೇಳಲಿಲ್ಲ. ಎರಡು ಪದವಿ ಪಡೆದ ನಾನು ಆ ಚಳಿಗಾಲ ಹದಿನೈದು ಶುಕ್ರವಾರ ಅವಳ ಮನೆಯಲ್ಲಿ ಕೂತು ಉಣ್ಣೆ ಸುತ್ತಿದೆ. ಚೆನ್ನಾಗಿ ಸುತ್ತಲಿಲ್ಲವೆಂದು ಅನ್ನಿಸಿಕೊಂಡೂ ಇದ್ದೇನೆ.

ಯುದ್ಧ ಮುಗಿದ ಮರುವರ್ಷ ಅವಳಿಗೆ ಅರವತ್ತೊಂದು. ಆ ವರ್ಷ ಮಗ್ಗದ ಮೇಲಿದ್ದ ಗಂಬಳಿಯಲ್ಲಿ ಕಡುನೀಲಿ ಬರಬೇಕಾದ ಕಡೆ ಕರಿಹಸಿರು ಬಂತು. ಮೊದಲು ಒಂದು ಎಲೆಯಲ್ಲಿ, ಆಮೇಲೆ ಒಂದು ಇಡೀ ಹೂವಿನಲ್ಲಿ. ಮೊನೀರ್ ಏನೂ ಹೇಳದೆ, ಕುದ್ಸಿ ಅಡುಗೆಮನೆಗೆ ಹೋದಾಗ ಆ ಗಂಟುಗಳನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದಳು. ಕುದ್ಸಿ ಬಣ್ಣ ಹಾಕುವವನನ್ನು ಬೈದಳು. ಕಿಟಕಿಯ ಗಾಜು ಕೊಳೆಯಾಗಿದೆ ಎಂದಳು. ನೋಡಿಕೊಂಡು ನೇಯುವ ನಕ್ಷೆಯನ್ನು ಮೂಗಿನ ಹತ್ತಿರ ಹಿಡಿದು ಕಾಗದದ್ದೇ ತಪ್ಪು ಎಂದಳು. ಊರಿನ ವೈದ್ಯರು ನೋಡಿ ಎರಡೂ ಕಣ್ಣಿಗೆ ಪೊರೆ ಬಂದಿದೆ, ಇಸ್ಫಹಾನಿಗೆ ಹೋಗಿ ತೆಗೆಸಿಕೊಳ್ಳಿ, ಚಳಿಗಾಲ ದಾಟಿಸಬೇಡಿ, ಪೊರೆ ಬಲಿತು ಹೋದರೆ ನಮ್ಮ ಕೈಯಲ್ಲಿಲ್ಲ ಎಂದರು. ಕುದ್ಸಿ ಆ ಚೀಟಿಯನ್ನು ಚಹಾದ ನೀರು ಕಾಯಿಸುವ ಸಮೋವರಿನ ಕೆಂಡಕ್ಕೆ ಹಾಕಿದಳು.

ಅವಳ ಚಿಕ್ಕಮ್ಮನಿಗೆ ಹಿಂದೆ ಯಾರೋ ಕಣ್ಣು ಕೊಯ್ದು, ಇದ್ದಷ್ಟು ದೃಷ್ಟಿಯೂ ಹೋಗಿತ್ತು. ಆ ಚಿಕ್ಕಮ್ಮನನ್ನು ಕೈಹಿಡಿದು ಸ್ನಾನದ ಮನೆಗೆ ಕರೆದೊಯ್ಯುತ್ತಿದ್ದವಳು ಚಿಕ್ಕವಳಿದ್ದ ಕುದ್ಸಿಯೇ. ಇದು ನಮಗೆಲ್ಲ ಗೊತ್ತಿತ್ತು. ಹೆದರಿಕೆ ಎಂದು ಅವಳು ಒಪ್ಪುತ್ತಿರಲಿಲ್ಲ. ನನಗೆ ಕಾಣುತ್ತದೆ ಎಂದಷ್ಟೇ ಹೇಳುತ್ತಿದ್ದಳು. ನಾನು ಕಣ್ಣಿನ ಚಿತ್ರ ಬರೆದು, ಪೊರೆ ಎಂದರೇನು, ಅದನ್ನು ಈಗ ಹೇಗೆ ತೆಗೆಯುತ್ತಾರೆ ಎಂದು ವಿವರಿಸಿದೆ. ಚಿತ್ರ ಚೆನ್ನಾಗಿದೆ ಎಂದಳು. ಯದುಲ್ಲಾ ಒಂದು ದಿನ ಇದ್ದಕ್ಕಿದ್ದಂತೆ ಮಾತಾಡಿದ. ಅವನದು ಕಿವಿ ಕೇಳದವರ ಏರುದನಿ, ಓಣಿಗೆಲ್ಲ ಕೇಳಿಸಿತು:

"ನನಗೆ ಕೇಳಲ್ಲ. ನಾಳೆ ಇವಳಿಗೆ ಕಾಣಲ್ಲ. ಮನೇಲಿ ಯಾರು ಯಾರಿಗೆ ಸನ್ನೆ ಮಾಡೋದು?"

ಕುದ್ಸಿ ಅವನಿಗೆ ಸುಮ್ಮನಿರುವಂತೆ ಸನ್ನೆ ಮಾಡಿದಳು.

ವಸಂತದ ಕೊನೆಗೆ ಗುಲಾಬಿ ನೀರು ಬಟ್ಟಿ ಇಳಿಸುವ ತಿಂಗಳು ಬಂತು. ಕೋಳಿ ರೇಷನ್ ಕೂಪನ್ನಿಗೆ ಸಿಗುತ್ತಿದ್ದ ಕಾಲ ಅದು. ಮೊನೀರ್ ಎರಡು ಗಂಟೆ ಸಾಲಿನಲ್ಲಿ ನಿಂತು ಒಂದು ಕೋಳಿ ತಂದು, ಒಣದ್ರಾಕ್ಷಿ ಹಾಕಿ ಅನ್ನದೊಂದಿಗೆ ಬೇಯಿಸಿ, ನನ್ನನ್ನೂ ಊಟಕ್ಕೆ ಕರೆದಳು. ಊಟ ಮುಗಿದ ಮೇಲೆ ಕವಲೆಲುಬನ್ನು ತೊಳೆದು ತಂದು ಕುದ್ಸಿಯ ಮುಂದೆ ಚಾಚಿದಳು.

"ಯಾವುದರ ಮೇಲೆ?" ಎಂದಳು ಕುದ್ಸಿ.

"ಕಣ್ಣಿನ ಮೇಲೆ. ನೀನು ಸೋತ್ರೆ ಇಸ್ಫಹಾನಿನ ಆಸ್ಪತ್ರೆಗೆ ಹೋಗಬೇಕು, ಅಕ್ಕ."

ಕುದ್ಸಿ ಎಲುಬನ್ನು ಬೆರಳಿನಿಂದ ತಡವಿ ನೋಡಿದಳು. ಆಮೇಲೆ ತನ್ನ ಕಡೆಯ ಪಣ ಹೇಳಿದಳು. ತಾನು ಗೆದ್ದರೆ ಆ ಮನೆಯಲ್ಲಿ ಕಣ್ಣಿನ ಸುದ್ದಿಯನ್ನು ಇನ್ನು ಯಾರೂ ಎತ್ತಬಾರದು. ಮೊನೀರ್, ಅವಳ ಗಂಡ, ಯದುಲ್ಲಾ, ನಾನು, ಯಾರೂ. ತಾನು ಗೋಡೆ ತಡವಿಕೊಂಡು ನಡೆದರೂ ಎತ್ತಬಾರದು. ಮಗ್ಗದಲ್ಲಿ ತಾನು ಕಟ್ಟಿದ ಗಂಟನ್ನು ಯಾರೂ ಬಿಚ್ಚಲೂ ಬಾರದು.

ಮೊನೀರ್‌ಳ ಮುಖ ಕೆಂಪಾಯಿತು. ಬಿಚ್ಚುತ್ತಿದ್ದುದು ಅಕ್ಕನಿಗೆ ಗೊತ್ತಿಲ್ಲ ಎಂದುಕೊಂಡಿದ್ದಳು. ಕುದ್ಸಿಯ ಬೆರಳಿಗೆ ತನ್ನ ಗಂಟು ಯಾವುದು, ಬೇರೆಯವರದು ಯಾವುದು ಎಂಬುದು ಕಾಣದೆಯೂ ತಿಳಿಯುತ್ತಿತ್ತು.

ನಾನು ಮೊನೀರ್‌ಳನ್ನು ಅಡುಗೆಮನೆಗೆ ಕರೆದು, ಇದು ಷರತ್ತು ಕಟ್ಟುವ ವಿಷಯವಲ್ಲ, ಹನ್ನೊಂದು ಸಲ ಸೋತವಳು ನೀನು, ಹನ್ನೆರಡನೆಯ ಸಲ ಸೋತರೆ ಅವಳು ಕುರುಡಿಯಾಗುವುದನ್ನು ನಾವೆಲ್ಲ ಬಾಯಿ ಮುಚ್ಚಿಕೊಂಡು ನೋಡಬೇಕಾಗುತ್ತದೆ, ಇಂಥದಕ್ಕೆ ನಾನು ಸಾಕ್ಷಿ ನಿಲ್ಲುವುದಿಲ್ಲ ಎಂದೆ.

"ನೀವು ಚಿತ್ರ ಬರೆದು ಹೇಳಿದ್ರಿ, ಕೇಳಿದಳಾ?" ಎಂದಳು ಮೊನೀರ್. "ಡಾಕ್ಟರು ಹೇಳಿದ್ರು, ಕೇಳಿದಳಾ? ಅವಳಿಗೆ ಅರ್ಥ ಆಗೋ ಭಾಷೆ ಇದೊಂದೇ, ಖಾನುಮ್. ಸೋತ್ರೆ ಹೋಗ್ತಾಳೆ. ಬೇರೆ ಯಾವುದಕ್ಕೂ ಹೋಗಲ್ಲ."

ನಾನು ಹೊರಗೆ ಬಂದು ಸಾಕ್ಷಿಯ ಜಾಗದಲ್ಲಿ ಕೂತೆ. ವಿನಾಯಿತಿಗಳನ್ನು ಹೇಳಿದರು: ಮಗ್ಗದ ಮೇಲಿನ ಉಣ್ಣೆಯುಂಡೆ, ಚಾಕು, ಹಣಿಗೆ ಲೆಕ್ಕಕ್ಕಿಲ್ಲ, ಇಲ್ಲದಿದ್ದರೆ ದಿನಕ್ಕೆ ನಾನೂರು ಸಲ ನೆನಪಿದೆ ಎನ್ನುತ್ತಾ ಕೂರಬೇಕು. ಊಟದ ಹಾಸಿನ ಮೇಲೆ ಕೊಡುವ ರೊಟ್ಟಿ ಲೆಕ್ಕಕ್ಕಿಲ್ಲ. ವೇಷ ಹಾಕಿ ಬರುವಂತಿಲ್ಲ. ಎಲುಬು ಟಕ್ಕೆಂದು ಮುರಿಯಿತು.

ಮೊದಲ ತಿಂಗಳು ಮೊನೀರ್ ತನಗೆ ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದಳು. ಹದಿನೈದು ದಿನದ ತನ್ನ ಮೊಮ್ಮಗನನ್ನು ಮೊದಲ ಬಾರಿ ತಂದು ಅಕ್ಕನ ತೋಳಿಗೆ ಇಟ್ಟಳು. ಎಂಥವರೂ ಮೈಮರೆಯುವ ಹೊತ್ತು ಅದು. ಕುದ್ಸಿ ಮಗುವನ್ನು ಎದೆಗೆ ಒತ್ತಿಕೊಂಡು ಅದರ ಕಿವಿಯಲ್ಲಿ, "ನೆನಪಿದೆ ಕಂದಾ, ನಿನ್ನಜ್ಜಿಗೆ ಹೇಳು" ಎಂದಳು. ಜ್ವರ ಬಂದು ಮಲಗಿದ್ದಾಗ ಔಷಧಿಯ ಚಮಚ ಕೊಟ್ಟಳು; ಕುದ್ಸಿ ಅರೆಗಣ್ಣಿನಲ್ಲೇ ನೆನಪಿದೆ ಎಂದು ಗೊಣಗಿ ನುಂಗಿದಳು. ಕುದ್ಸಿಯ ಸೋದರಮಾವ ತೀರಿಕೊಂಡು ಏಳನೆಯ ದಿನದ ಸಭೆಯಲ್ಲಿ ಹೆಂಗಸರೆಲ್ಲ ಅಳುತ್ತಿರುವಾಗ ಮೊನೀರ್ ಹಲ್ವಾದ ತಟ್ಟೆ ಹಿಡಿದು ಬಂದಳು. ಕುದ್ಸಿ ಕಣ್ಣೀರು ಒರೆಸಿಕೊಳ್ಳುತ್ತ ಒಂದು ತುಣುಕು ತೆಗೆದುಕೊಂಡು, "ನೆನಪಿದೆ" ಎಂದಳು. ಸತ್ತವರ ಗುಣಗಾನ ಮಾಡುತ್ತಿದ್ದ ಓದುಗಿತ್ತಿ ಮಾತು ನಿಲ್ಲಿಸಿ, ಹೌದು ತಾಯಿ, ಅವರನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ ಎಂದಳು. ನನ್ನ ಪಕ್ಕದಲ್ಲಿದ್ದವರು ಚಾದರದೊಳಗೆ ಮುಖ ಮರೆಸಿಕೊಂಡು ಅಲುಗಾಡಿದರು. ಅದು ಅಳುವಲ್ಲ.

ಎರಡನೆಯ ತಿಂಗಳು ಕುದ್ಸಿಯ ಸರದಿ. ಅವಳಿಗೆ ಅವಸರವಿರಲಿಲ್ಲ. ಒಂದು ದಿನ ಮೊನೀರ್ ಏಣಿಯ ಮೇಲೆ ನಿಂತು ಕಿಟಕಿ ಒರೆಸುವಾಗ ಕೆಳಗಿನಿಂದ ಒದ್ದೆ ಬಟ್ಟೆ ಎತ್ತಿ ಕೊಟ್ಟಳು. ಮೊನೀರ್ ತೆಗೆದುಕೊಂಡಳು. ಕುದ್ಸಿ ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ಹೊಳೆದು, "ನೆನಪಿದೆ, ನೆನಪಿದೆ" ಎಂದು ಎರಡು ಸಲ ಕೂಗಿ ಏಣಿಯಿಂದ ಬೀಳುವಂತಾದಳು. ನನ್ನ ತೀರ್ಪು ಕೇಳಿದರು. ಸಮಯಕ್ಕೆ ಸರಿಯಾಗಿ ಹೇಳಿದ್ದಾಳೆ ಎಂದೆ.

ಇಷ್ಟರಲ್ಲಿ ಬೇಸಿಗೆ ಬಲಿಯಿತು, ಪೊರೆಯೂ ಬಲಿಯಿತು. ಕುದ್ಸಿ ಲೋಟವನ್ನು ತಟ್ಟೆಯ ಅಂಚಿಗೆ ಇಟ್ಟು ಬೀಳಿಸಿದಳು. ಅಂಗಳದ ಮೂರು ಮೆಟ್ಟಿಲನ್ನು ಎಣಿಸಿ ಇಳಿಯುತ್ತಿದ್ದಳು. ಮಗ್ಗದಲ್ಲಿ ಅಂಚಿನ ಒಂದೇ ಬಣ್ಣದ ಭಾಗವನ್ನು ತಾನೇ ಕೇಳಿ ತೆಗೆದುಕೊಂಡಳು. ಹೂವುಗಳನ್ನೆಲ್ಲ ಮೊನೀರ್‌ಳಿಗೆ ಬಿಟ್ಟಳು. ಸೋಲುವುದು ಮಾತ್ರ ಆಗಲಿಲ್ಲ. ಯಾರ ಕೈಯಿಂದ ಏನು ಬಂದರೂ ನೆನಪಿದೆ ಎನ್ನುವುದನ್ನು ಅಭ್ಯಾಸ ಮಾಡಿಕೊಂಡಳು ಎಂದು ಕೆಲವರು ತಪ್ಪಾಗಿ ಹೇಳುತ್ತಾರೆ. ಹಾಗೆ ಎಲ್ಲರಿಗೂ ಅಂದುಬಿಡುವುದನ್ನು ಅವಳು ಹೇಡಿತನ ಎಂದು ತಿಳಿದಿದ್ದಳು. ಆ ಪದ ಮೊನೀರ್‌ಳ ಕೈಗೆ ಮಾತ್ರ ಮೀಸಲು. ನಾನು ಏನು ಕೊಟ್ಟರೂ ಸುಮ್ಮನೆ ತೆಗೆದುಕೊಳ್ಳುತ್ತಿದ್ದಳು.

ಗುರುವಾರ ಸಂಜೆ ನಾಲ್ಕಕ್ಕೆ ನಾನು ಪತ್ರಿಕೆ ಹಿಡಿದು ಹೋಗಿ ಅವಳಿಗೆ ಓದಿ ಹೇಳುವುದು ರೂಢಿ. ಬೇಸಿಗೆಯ ಕೊನೆಯ ಒಂದು ಗುರುವಾರ. ಮೊನೀರ್ ತನ್ನ ತವರು ನತಂಜ಼್‌ಗೆ ಹೋಗಿದ್ದಳು, ಶನಿವಾರ ಬರುತ್ತೇನೆಂದಿದ್ದಳು. ಆದರೆ ಅಣ್ಣನ ಕಾರಿನಲ್ಲಿ ಜಾಗ ಸಿಕ್ಕಿತೆಂದು ಎರಡು ದಿನ ಮೊದಲೇ ಬಂದು ಓಣಿಯ ಬಾಯಲ್ಲಿ ಇಳಿದಳು. ತೋಟದ ಪೇರ್ ಹಣ್ಣಿನ ಬುಟ್ಟಿ ಅವಳ ಸೊಂಟದ ಮೇಲೆ. ನಾನು ಆಗಷ್ಟೇ ಮನೆಯಿಂದ ಹೊರಟಿದ್ದೆ. ಇಬ್ಬರೂ ಕೂಡಿಯೇ ಬಾಗಿಲು ದಾಟಿದೆವು. ಅಕ್ಕನಿಗೆ ಹೇಳಬೇಡಿ, ನೋಡಿ ಬೆಚ್ಚಲಿ ಎಂದು ನನಗೆ ಬೆರಳಿನಿಂದ ಸನ್ನೆ ಮಾಡಿ, ಬಿಸಿಲಿಗೆ ಏದುಸಿರು ಬಿಡುತ್ತ ಮುಂದೆ ಹೋದಳು. ನನ್ನ ಚಪ್ಪಲಿಯ ಪಟ್ಟಿ ಸಿಕ್ಕಿಕೊಂಡು ನಾನು ಬಾಗಿಲ ಬಳಿಯೇ ಬಗ್ಗಿದೆ.

ಕುದ್ಸಿ ಅಂಗಳದ ನೀರಿನ ತೊಟ್ಟಿಯ ಪಕ್ಕ ಮರದ ಮಂಚದ ಮೇಲೆ ಕೂತು ಪುದೀನ ಬಿಡಿಸುತ್ತಿದ್ದಳು. ಬಾಗಿಲ ಸದ್ದಿಗೆ ತಲೆಯೆತ್ತಿದಳು. ಮೊನೀರ್ ಎರಡು ಮಾರು ದೂರದಲ್ಲಿ, ತುಂಬು ಬೆಳಕಿನಲ್ಲಿ, ತನ್ನ ಎಂದಿನ ಹೂವಿನ ಚಾದರದಲ್ಲಿ, ಬಾಯಿ ತುಂಬ ನಗುತ್ತ ನಿಂತಳು. ಬುಟ್ಟಿಯಿಂದ ಒಂದು ದೊಡ್ಡ ಪೇರ್ ಹಣ್ಣು ತೆಗೆದು ಚಾಚಿದಳು. ಕುದ್ಸಿ ಕೈ ನೀಡಿ ತೆಗೆದುಕೊಂಡಳು.

"ದೇವರು ಒಳ್ಳೇದು ಮಾಡ್ಲಿ, ಖಾನುಮ್. ಪತ್ರಿಕೆ ಬದಲು ಇವತ್ತು ಹಣ್ಣೋ? ಕೂತ್ಕೊಳ್ಳಿ. ಮೊನೀರ್ ಇಲ್ಲ, ಚಹಾ ನಾನೇ ಮಾಡಬೇಕು."

ನಾನು ಮೊನೀರ್‌ಗಿಂತ ಒಂದೂವರೆ ಗೇಣು ಎತ್ತರ. ನನ್ನದು ಕಪ್ಪು ಚಾದರ. ನಾನು ಸೊಂಟದ ಮೇಲೆ ಬುಟ್ಟಿ ಹೊತ್ತವಳಲ್ಲ.

ಮೊನೀರ್‌ಳ ನಗು ಮುಖದ ಮೇಲೇ ಉಳಿದುಹೋಯಿತು. ಅವಳು ಹಣ್ಣು ಕೊಟ್ಟದ್ದು ಕೊಡಬೇಕೆಂದೇ ಹೊರತು ಗೆಲ್ಲಬೇಕೆಂದಲ್ಲ. ಆ ಹೊತ್ತಿಗೆ ಅವಳ ತಲೆಯಲ್ಲಿ ಷರತ್ತೇ ಇರಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು, ನಾನು ನಂಬಿದ್ದೇನೆ. ಈಗ ಎಲ್ಲ ಒಟ್ಟಿಗೆ ಹೊಳೆದಿತ್ತು. ಮೂರು ತಿಂಗಳಿಂದ ಕಾದ ಕ್ಷಣ ಅದು. ನಾಲ್ಕು ಪದ ಹೇಳಿದರೆ ಮುಗಿಯಿತು. ಅವಳು ಹೇಳಲಿಲ್ಲ. ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತವಳಿಗೆ ತನ್ನ ಮುಖ ಕಾಣುತ್ತಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳುವಂತೆ ಆಗುತ್ತಿತ್ತು ಅದು. ನಾನೂ ಬಾಗಿಲಲ್ಲಿ ನಿಂತೇ ಇದ್ದೆ. ಸಾಕ್ಷಿ ನೋಡಬಹುದು, ನಡುವೆ ಬಾಯಿ ಹಾಕುವಂತಿಲ್ಲ.

ಕುದ್ಸಿಯ ಬೆರಳು ಹಣ್ಣಿನ ಮೇಲೆ ಆಡುತ್ತಿತ್ತು. ನತಂಜ಼್‌ನ ಪೇರ್ ಹಣ್ಣಿನ ಸಿಪ್ಪೆ ಒರಟು. ಓಣಿಯ ಅಂಗಡಿಯಲ್ಲಿ ಅದು ಇನ್ನೂ ಬಂದಿರಲಿಲ್ಲ.

"ಖಾನುಮ್, ನೀವು ಎಲ್ಲಿದೀರಿ?" ಎಂದಳು.

"ಬಾಗಿಲ ಹತ್ತಿರ," ಎಂದೆ.

"ಹಾಗಾದ್ರೆ ಇದು ನೀವಲ್ಲ."

"ನಾನಲ್ಲ."

ಅವಳು ಎದುರಿಗಿದ್ದ ಆಕೃತಿಯ ಕಡೆ ಮುಖ ತಿರುಗಿಸಿದಳು. "ಮೊನೀರ್?"

"ಹೂಂ, ಅಕ್ಕ."

ಈಗ ಅವಳು ಆ ಹಣ್ಣನ್ನು ಪುದೀನದ ಮೇಲೆ ಇಟ್ಟುಬಿಟ್ಟಿದ್ದರೆ ಆಗುತ್ತಿತ್ತು. ಕೊಟ್ಟವಳು ಮಾತು ಹೇಳಿಲ್ಲ, ಪಡೆದವಳು ಕೆಳಗಿಟ್ಟಳು, ಆಟ ಮುಂದುವರಿಯುತ್ತದೆ. ನಿಯಮ ಅಷ್ಟು ಸ್ಪಷ್ಟ, ಅದನ್ನು ಓಣಿಗೆಲ್ಲ ಕಲಿಸಿದವಳು ಅವಳೇ. ಮೊನೀರ್ ಎಂದಿಗೂ ದೂರುತ್ತಿರಲಿಲ್ಲ. ಕುದ್ಸಿಯ ಕೈ ಮಂಚದ ಕಡೆ ಒಂದಿಷ್ಟು ಇಳಿದದ್ದನ್ನು ನಾನು ನೋಡಿದೆ. ಅಲ್ಲಿಯೇ ನಿಂತಿತು. ಆಮೇಲೆ ಅವಳು ಹಣ್ಣನ್ನು ಎತ್ತಿ ಎದೆಯ ಎತ್ತರಕ್ಕೆ, ಎಲ್ಲರಿಗೂ ಕಾಣುವಂತೆ ಹಿಡಿದಳು.

"ಹೇಳು ಮತ್ತೆ," ಎಂದಳು.

ಮೊನೀರ್ ಅಳತೊಡಗಿದಳು.

"ಅಳೋದು ಆಮೇಲೆ. ಕೈ ನೋಯುತ್ತೆ. ಹಣ್ಣು ನನ್ನ ಕೈಯಲ್ಲೇ ಇದೆ. ಹೇಳ್ತೀಯೋ ಇಲ್ವೋ?"

"ನನಗೆ ನೆನಪು," ಎಂದಳು ಮೊನೀರ್ ಬಿಕ್ಕುತ್ತ, "ನಿನಗೆ ಮರೆವು."

"ಮರೆವಲ್ಲ," ಎಂದಳು ಕುದ್ಸಿ. "ಕಾಣಲಿಲ್ಲ. ಆದ್ರೂ ಸೋಲು ಸೋಲೇ. ಖಾನುಮ್, ಏನಂತೀರಿ?"

ವೇಷವಿಲ್ಲ, ಮೋಸವಿಲ್ಲ, ಸೋಲು ಎಂದೆ. ನನ್ನ ದನಿ ಸರಿಯಾಗಿಯೇ ಇತ್ತು. ಆಮೇಲೆ ಅವಳು ಹಣ್ಣನ್ನು ಕೆಳಗಿಟ್ಟು, ಚಾಕು ತರಿಸಿ, ಮೂರು ಪಾಲು ಮಾಡಲು ಹೇಳಿದಳು. ಯದುಲ್ಲಾ ಒಳಗಿನಿಂದ ಬಂದು ಮೊನೀರ್ ಅಳುತ್ತಿರುವುದನ್ನು ನೋಡಿ, ಯಾರು ತೀರಿಕೊಂಡರು ಎಂದು ಕೂಗಿ ಕೇಳಿದ. ಕುದ್ಸಿ ಬಸ್ಸಿನ ಸ್ಟೀರಿಂಗ್ ತಿರುಗಿಸುವಂತೆ ಎರಡು ಕೈಯಲ್ಲಿ ಸನ್ನೆ ಮಾಡಿ, ಕಣ್ಣು ತೋರಿಸಿದಳು. ಅವನು ಮಂಚದ ಮೇಲೆ ಕೂತು ಒಂದರ ಮೇಲೊಂದು ನಾಲ್ಕು ಹಣ್ಣು ತಿಂದ.

ಹತ್ತು ದಿನದಲ್ಲಿ ಇಸ್ಫಹಾನಿಗೆ ಹೋದೆವು, ಅವಳು, ಮೊನೀರ್, ನಾನು. ದಾರಿಯುದ್ದಕ್ಕೂ ಕುದ್ಸಿ ಮೊನೀರ್‌ಳ ಚಾದರದ ತುದಿ ಹಿಡಿದೇ ಕೂತಿದ್ದಳು. ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆದರು. ಐದನೆಯ ದಿನ ಪಟ್ಟಿ ಬಿಚ್ಚಿದಾಗ ಅವಳು ಮೊದಲು ನೋಡಿದ್ದು ಮೊನೀರ್‌ಳನ್ನು.

"ನೀನು ಇಷ್ಟು ದಪ್ಪ ಯಾವಾಗ ಆದೆ?" ಎಂದಳು.

ಮೊನೀರ್ ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದಳು, ಬಹುಮಾನ ಬಂದವಳ ಹಾಗೆ.

ಚಳಿಗಾಲದಲ್ಲಿ ದಪ್ಪ ಗಾಜಿನ ಕನ್ನಡಕ ಬಂತು. ಕುದ್ಸಿ ಮಗ್ಗಕ್ಕೆ ಮರಳಿದಳು. ಬಣ್ಣ ಹಾಕುವವನಿಗೆ ಅಂದಿದ್ದ ಬೈಗುಳವನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅವನ ಹಿಂದಿನ ತಪ್ಪುಗಳಿಗಾಗಿ ಇರಲಿ ಎಂದಳು. ಎಡಗಣ್ಣನ್ನು ಹೊಸ ವರ್ಷಕ್ಕೆ ಮೊದಲು ಮಾಡಿಸಬೇಕೆಂದು ವೈದ್ಯರು ಹೇಳಿದ್ದರು. ಮೊನೀರ್ ಬಸ್ಸಿನ ಮಾತೆತ್ತಿದಾಗ ಕುದ್ಸಿ ಒಪ್ಪಲಿಲ್ಲ. ಆಸ್ಪತ್ರೆಗೆ ಹೋಗಬೇಕೆಂದು ಷರತ್ತು, ಹೋಗಿ ಬಂದೆ, ಎಷ್ಟು ಸಲ ಎಂದು ನೀನು ಹೇಳಿರಲಿಲ್ಲ, ಬೇಕಾದರೆ ಸಾಕ್ಷಿಯನ್ನು ಕೇಳು ಎಂದಳು. ಸಾಕ್ಷಿಯಾಗಿ ನಾನು ಹೌದೆನ್ನಬೇಕಾಯಿತು. ಮೊನೀರ್ ನನ್ನನ್ನು ಎರಡು ದಿನ ಮಾತಾಡಿಸಲಿಲ್ಲ.

"ಹಾಗಾದ್ರೆ ಇನ್ನೊಂದಕ್ಕೆ ಏನು ಮಾಡೋದು, ಅಕ್ಕ?"

"ಇನ್ನೊಂದು ಕೋಳಿ ಬೇಯಿಸು."

ಮತ್ತೆ ಕೂಪನ್ನು, ಮತ್ತೆ ಸಾಲು, ಮತ್ತೆ ಒಣದ್ರಾಕ್ಷಿ ಹಾಕಿದ ಅನ್ನ. ಎಲುಬು ಮುರಿಯಿತು, ಪಣಗಳು ಹಿಂದಿನವೇ. ಈ ಸಲ ಸುಲಭವಲ್ಲ ಎಂದು ನಾನು ಯೋಚಿಸಿದೆ, ಒಂದು ಕಣ್ಣು ಚೆನ್ನಾಗಿ ಕಾಣುತ್ತಿದೆ. ಮೊನೀರ್ ಒಂದು ವರ್ಷಕ್ಕೆ ಸಾಲುವಷ್ಟು ಉಪಾಯಗಳನ್ನು ಕೂಡಿಟ್ಟುಕೊಂಡಿದ್ದಳು.

ಮೂರನೆಯ ದಿನ ಮಧ್ಯಾಹ್ನ ನಾವೆಲ್ಲ ಚಹಾಕ್ಕೆ ಕೂತಿದ್ದೆವು. ಮೊನೀರ್ ಎದುರಿಗೇ ಕೂತು, ಯಾವ ಉಪಾಯವನ್ನೂ ಮಾಡದೆ, ದಿನಕ್ಕೆ ಹತ್ತು ಸಲ ಕೊಡುವಂತೆ ಸಕ್ಕರೆ ಬಟ್ಟಲನ್ನು ಅವಳ ಕಡೆ ಚಾಚಿದಳು. ಕುದ್ಸಿ ಕನ್ನಡಕ ಸರಿಮಾಡಿಕೊಂಡಳು. ಮೊನೀರ್‌ಳ ಮುಖವನ್ನು ನೋಡಿದಳು, ಬಟ್ಟಲನ್ನು ನೋಡಿದಳು, ತೆಗೆದುಕೊಂಡಳು. ಏನೂ ಹೇಳಲಿಲ್ಲ. ಬಟ್ಟಲು ಕೈಯಲ್ಲೇ ಹಿಡಿದು ಚಾವಣಿಯ ತೊಲೆಗಳನ್ನು ಒಂದೊಂದಾಗಿ ನೋಡುತ್ತ ಕೂತಳು.

ಯಾರೂ ನಗಲಿಲ್ಲ. ಮೊನೀರ್ ನನ್ನತ್ತ ನೋಡಿದಳು. ನಾನು ನನ್ನ ಚಹಾ ನೋಡಿದೆ. ಕೊನೆಗೆ ಅವಳು ಮೆಲ್ಲಗೆ ಹೇಳಬೇಕಾದ್ದನ್ನು ಹೇಳಿದಳು. ಮತ್ತೆ ಸೋಲು ಎಂದು ನಾನು ತೀರ್ಪು ಕೊಟ್ಟೆ. ಸಾಕ್ಷಿಗೆ ಕಾಣುವುದು ಕೈ ಮಾತ್ರ.

ಕುದ್ಸಿ ಬಟ್ಟಲಿನಿಂದ ಎರಡು ತುಂಡು ಸಕ್ಕರೆ ಆರಿಸಿ ಬಾಯಿಗೆ ಹಾಕಿಕೊಂಡು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ಬೆಳಗ್ಗೆ ಏಳಕ್ಕೆ ಎಂದಳು ಮೊನೀರ್.

"ಹೋದ ಸಲ ದಾರಿ ಏನೂ ಕಾಣಲಿಲ್ಲ," ಎಂದಳು ಕುದ್ಸಿ. "ಕಿಟಕಿ ಪಕ್ಕ ನಾನ್ ಕೂರ್ತೀನಿ."